ನನ್ನ ಮೈ, ನನ್ನ ಒಡವೆ, ನನ್ನ ತೀರ್ಮಾನ

(ತುಮಕೂರು ಜಿಲ್ಲೆಯ ತಾಲ್ಲೂಕೊಂದರಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ. ಮಾತನಾಡಿದವರ ಕೋರಿಕೆಯಂತೆ ಅವರ ಹೆಸರನ್ನು ಕೊಟ್ಟಿಲ್ಲ.)



ಮೈಕಿನ ಮುಂದೆ ನಿಂತು ಮಾತನಾಡಿ ನನಗೆ ರೂಢಿಯಿಲ್ಲ. ಹೊಲಿಗೆ ಮಿಷನ್ ಮುಂದೆ ಕೂತರೆ ಎಷ್ಟು ಹೊತ್ತಾದರೂ ಮಾತಾಡುತ್ತೇನೆ. ಇವತ್ತಿನ ಸಭೆ ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ. ನನಗೆ ಹೇಳಿರುವ ವಿಷಯ ಮೊಲೆಯ ಕ್ಯಾನ್ಸರು, ಆಮೇಲೆ ಮೊಲೆಯನ್ನು ಮತ್ತೆ ಕಟ್ಟುವ ಆಪರೇಷನ್ನು. ಅದಕ್ಕೂ ಇದಕ್ಕೂ ಎಲ್ಲಿಯ ಸಂಬಂಧ ಎಂದು ಹಿಂದೆ ಕೂತಿರುವ ಅಕ್ಕ ಒಬ್ಬರು ಆಗಲೇ ಕೇಳಿದರು. ಸಂಬಂಧ ಇದೆ. ಅದನ್ನು ಹೇಳುವುದಕ್ಕೇ ಬಂದಿದ್ದೇನೆ.

ಮೊದಲು ಒಂದು ಮಾತು. ನಾನು ಮೊಲೆ ಎಂದೇ ಹೇಳುತ್ತೇನೆ. ಮಗುವಿಗೆ ಹಾಲು ಕೊಡುವಾಗ ನಾವು ಯಾರೂ ಆ ಮಾತಿಗೆ ನಾಚಿಕೊಳ್ಳುವುದಿಲ್ಲ. ಅದೇ ಮೊಲೆಗೆ ಗಂಟು ಬಂದಾಗ ಮಾತ್ರ "ಎದೆನೋವು", "ಗ್ಯಾಸು" ಎಂದು ಮುಚ್ಚಿಡುತ್ತೇವೆ. ನಮ್ಮ ದೇಶದಲ್ಲಿ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಮೊದಲ ಜಾಗ ಮೊಲೆ ಕ್ಯಾನ್ಸರಿಗೆ. 2022ರ ಅಂದಾಜಿನಂತೆ ಒಂದು ವರ್ಷಕ್ಕೆ ಸುಮಾರು 1,92,000 ಹೊಸ ರೋಗಿಗಳು. ಅಷ್ಟು ಹೆಂಗಸರಿಗೆ ಬರುವ ಕಾಯಿಲೆಯ ಹೆಸರು ಹೇಳುವುದಕ್ಕೆ ನಾವೇ ಹೆದರಿದರೆ ಅದಕ್ಕೆ ಚಿಕಿತ್ಸೆ ಕೇಳುವುದು ಹೇಗೆ?

ನನಗೆ ಬಂದದ್ದು 2019ರಲ್ಲಿ. ಆಗ 41 ವರ್ಷ. ಬಲಗಡೆ ಗಂಟು ದೊಡ್ಡದಾಗಿತ್ತು, ಕಂಕುಳಿಗೂ ಹೋಗಿತ್ತು. ಪೂರ್ತಿ ಮೊಲೆ ತೆಗೆದರು. ಬಿಪಿಎಲ್ ಕಾರ್ಡು ಇದ್ದದ್ದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಪರೇಷನ್ನು, ಕೀಮೋ, ಆಮೇಲೆ ನಮ್ಮ ಕಡೆ "ಕರೆಂಟು ಕೊಡುವುದು" ಎನ್ನುತ್ತಾರಲ್ಲ, ಆ ರೇಡಿಯೇಷನ್ನು, ಎಲ್ಲ ನಡೆಯಿತು. 2020ರ ಫೆಬ್ರವರಿಗೆ ಚಿಕಿತ್ಸೆ ಮುಗಿಯಿತು. ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಗಂಡ, ಅತ್ತೆ, ನಾನು, ಮಗಳು, ನಾಲ್ಕೂ ಜನ ಒಂದೇ ಮನೆಯಲ್ಲಿ, ಬಾಗಿಲು ಹಾಕಿಕೊಂಡು.

ಆಗ ಶುರುವಾಯಿತು ಎರಡನೇ ವರದಕ್ಷಿಣೆ.

ಎರಡನೇ ವರದಕ್ಷಿಣೆ ಎಂದರೆ ಏನು ಎಂದು ಹೇಳುತ್ತೇನೆ. ನನ್ನ ಮದುವೆಯಲ್ಲಿ ಅಪ್ಪ ಕೊಟ್ಟದ್ದು ನಗದು, ಪಾತ್ರೆ, ಗಾಡಿ, ನನ್ನ ಮೈಮೇಲೆ 60 ಗ್ರಾಂ ಬಂಗಾರ. ಹದಿನೆಂಟು ವರ್ಷ ಆ ವಿಷಯ ಮುಗಿದಿತ್ತು. ಮೊಲೆ ಹೋದ ಮೇಲೆ ಅತ್ತೆ ಹೇಳಿದ್ದು, "ನಾವು ಪೂರ್ತಿ ಹೆಣ್ಣನ್ನು ತಂದಿದ್ದೆವು, ಈಗ ಅರ್ಧ ಉಳಿದಿದೆ." ಗಂಡ ಹೇಳಿದ್ದು ಇನ್ನೂ ಲೆಕ್ಕಾಚಾರದ ಮಾತು. ಮೊಬೈಲಿನಲ್ಲಿ ಅವರಿಗೆ ಯಾರೋ ತೋರಿಸಿದ್ದರು, ಹೊಸ ಮೊಲೆ ಕಟ್ಟುತ್ತಾರಂತೆ, ಮೂರು ಲಕ್ಷವಂತೆ. "ನಿಮ್ಮ ಅಣ್ಣನ ಹತ್ತಿರ ದುಡ್ಡು ತೆಗೆದುಕೊಂಡು ಹೋಗಿ ಮಾಡಿಸಿಕೊಂಡು ಬಾ. ಇಲ್ಲದಿದ್ದರೆ ನನಗೆ ಬೇರೆ ದಾರಿ ಇದೆ." ಬೇರೆ ದಾರಿ ಎಂದರೆ ಏನು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅಂದರೆ ಮಾಲು ಕೆಟ್ಟಿದೆ, ಮಾರಿದವರೇ ರಿಪೇರಿ ಮಾಡಿಸಿಕೊಡಬೇಕು. ಅಕ್ಕಂದಿರೆ, ಇದು ವರದಕ್ಷಿಣೆ ಅಲ್ಲದೆ ಮತ್ತೇನು?

ನಾನು ತವರಿಗೆ ಹೋದೆ, ಆದರೆ ದುಡ್ಡು ಕೇಳಲಿಲ್ಲ. ಅಣ್ಣನಿಗೆ ಎರಡು ಎಕರೆ ಖುಷ್ಕಿ. ಅದನ್ನು ಮಾರಿ ನನ್ನ ಗಂಡನಿಗೆ ಮೊಲೆ ಕೊಡಿಸುವುದು ನನಗೆ ಬೇಕಿರಲಿಲ್ಲ. "ನನ್ನ ಗಂಡನಿಗೆ" ಎಂದು ತಿಳಿದೇ ಹೇಳುತ್ತಿದ್ದೇನೆ. ಆವತ್ತು ಮಾಡಿಸಿಕೊಂಡಿದ್ದರೆ ಅದು ನನ್ನ ಮೈಮೇಲೆ ಇರುತ್ತಿತ್ತು, ಆದರೆ ನನ್ನದಾಗಿರುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ

ನಮ್ಮ ಸಂಘದ ಪ್ರತಿನಿಧಿ ನನ್ನನ್ನು ತಾಲ್ಲೂಕಿನ ಸಿಡಿಪಿಓ ಕಚೇರಿಗೆ ಕರೆದುಕೊಂಡು ಹೋದರು. ಅಂಗನವಾಡಿ ಕಚೇರಿಗೆ ಯಾಕೆ ಎಂದುಕೊಂಡೆ. ನಮ್ಮ ರಾಜ್ಯದಲ್ಲಿ ಸಿಡಿಪಿಓಗಳೇ ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಇದನ್ನು ನಿಮ್ಮ ನಿಮ್ಮ ಸಂಘದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅಲ್ಲಿ ನಾನು ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಒಂದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಹೊಡೆದರೆ ಮಾತ್ರ ಹಿಂಸೆ ಎಂದು ಈ ಕಾಯ್ದೆ ಹೇಳುವುದಿಲ್ಲ. ಅವಮಾನ ಮಾಡುವುದು, ಹಂಗಿಸುವುದು, ಅಡ್ಡಹೆಸರಿಟ್ಟು ಕರೆಯುವುದು ಹಿಂಸೆ. ದುಡ್ಡು, ಔಷಧಿ, ಒಡವೆ ತಡೆಹಿಡಿಯುವುದು ಆರ್ಥಿಕ ಹಿಂಸೆ. ತವರಿನಿಂದ ದುಡ್ಡು ತಾ ಎಂದು ಕಾಡುವುದೂ ಹಿಂಸೆ. "ಅರ್ಧ ಹೆಣ್ಣು" ಎಂಬ ಮಾತಿಗೆ ಕಾನೂನಿನಲ್ಲಿ ಜಾಗ ಇದೆ ಎಂದು ತಿಳಿದ ದಿನ ನನಗೆ ಸರಿಯಾಗಿ ನಿದ್ದೆ ಬಂತು.

ಎರಡು. ಇದೇ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರು ಚಿಕಿತ್ಸೆಯ ಖರ್ಚು ಕೊಡಿಸಬಹುದು, ಹೆಂಗಸಿನ ಸ್ತ್ರೀಧನ ವಾಪಸು ಕೊಡಿಸಬಹುದು, ಅವಳನ್ನು ಮನೆಯಿಂದ ಹೊರಗೆ ಹಾಕದಂತೆ ಆದೇಶ ಮಾಡಬಹುದು. ಮನೆ ಯಾರ ಹೆಸರಿನಲ್ಲಿದ್ದರೂ ಸರಿ, ಅವಳು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಅವಳಿಗೆ ಇದೆ.

ಮೂರು. ಮದುವೆಯಲ್ಲಿ ನಮ್ಮ ಮೈಮೇಲೆ ಹಾಕಿದ ಒಡವೆ ನಮ್ಮದು. ಗಂಡನ ಬೀರುವಿನಲ್ಲಿದ್ದರೂ ಅವನು ಅದರ ಕಾವಲುಗಾರ, ಯಜಮಾನ ಅಲ್ಲ. 1985ರಲ್ಲಿ ಪ್ರತಿಭಾ ರಾಣಿ ಎಂಬ ಹೆಣ್ಣುಮಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನು ಸ್ಪಷ್ಟವಾಗಿ ಹೇಳಿದೆ. ಕೇಳಿದರೂ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧವಾಗುತ್ತದೆ.

ನಾಲ್ಕು. ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣಗಳ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಕ್ಯಾನ್ಸರ್ ಇಲ್ಲ, ಮೊಲೆ ಇಲ್ಲದಿರುವುದೂ ಇಲ್ಲ. ಹೆಂಡತಿ ಇರುವಾಗ ಇನ್ನೊಂದು ಮದುವೆಯಾದರೆ ಅದು ಮದುವೆಯೇ ಅಲ್ಲ, ಅದು ಅಪರಾಧ. ನನ್ನ ಗಂಡ ಹೇಳಿದ "ಬೇರೆ ದಾರಿ" ಕಾನೂನಿನಲ್ಲಿ ಮುಚ್ಚಿದ ದಾರಿ.

ಐದು. ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಿರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರಗಳ 1987ರ ಕಾಯ್ದೆಯಂತೆ ಯಾವ ಹೆಂಗಸಿಗಾದರೂ ಉಚಿತ ಕಾನೂನು ನೆರವು ಸಿಗಬೇಕು. ಆದಾಯದ ಸರ್ಟಿಫಿಕೇಟು ಬೇಕಿಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅರ್ಜಿ ಕೊಡಬಹುದು. ಹಿಂದಿನ 498ಎ ಕಲಂ ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ.

ನಾನು 2021ರಲ್ಲಿ ಅರ್ಜಿ ಹಾಕಿದೆ. ಅರವತ್ತು ದಿನದೊಳಗೆ ಮುಗಿಸಲು ನೋಡಬೇಕು ಎಂದು ಕಾಯ್ದೆ ಹೇಳುತ್ತದೆ. ನನಗೆ ಹಿಡಿದದ್ದು ಹದಿನಾಲ್ಕು ತಿಂಗಳು. 2022ರಲ್ಲಿ ಆದೇಶವಾಯಿತು. 60 ಗ್ರಾಂ ಒಡವೆ ನನ್ನ ಕೈಗೆ ಬಂತು. ಮನೆಯ ಮುಂದಿನ ಎರಡು ಕೋಣೆಯಲ್ಲಿ ನಾನು, ಮಗಳು ಇದ್ದೇವೆ. ಒಲೆ ಬೇರೆ, ಬಾಗಿಲು ಬೇರೆ. ಅತ್ತೆ ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಆದರೆ ನನ್ನ ಬಗ್ಗೆ ಮಾತಾಡುವುದೂ ನಿಂತಿದೆ.

ಆಮೇಲೆ ನನಗೇ ಬೇಕೆನಿಸಿತು

ಇಲ್ಲಿಗೆ ಕಥೆ ಮುಗಿದಿದ್ದರೆ ಭಾಷಣಕ್ಕೆ ಚೆನ್ನಾಗಿತ್ತು. ಆದರೆ ಬದುಕು ಭಾಷಣ ಅಲ್ಲವಲ್ಲ. ಮನೆಯಲ್ಲಿ ಗಲಾಟೆ ನಿಂತ ಮೇಲೆ, ಯಾರೂ "ಮಾಡಿಸಿಕೋ" ಎನ್ನದೆ ಇದ್ದಾಗ, ನನಗೇ ಬೇಕೆನಿಸಿತು.

ಯಾಕೆ ಎಂದು ಕೇಳಿದರೆ ದೊಡ್ಡ ಕಾರಣ ಹೇಳಲಾರೆ. ನಾನು ದರ್ಜಿ. ದಿನವೂ ಹತ್ತು ಹೆಂಗಸರ ಎದೆಯ ಅಳತೆ ತೆಗೆಯುತ್ತೇನೆ. ನನ್ನ ರವಿಕೆಗೆ ಎರಡು ಬೇರೆ ಬೇರೆ ಅಳತೆ ಹಾಕಿ ಕತ್ತರಿಸುವಾಗ ಪ್ರತಿಸಲವೂ ಕೈ ನಿಲ್ಲುತ್ತಿತ್ತು. ಒಂದು ಕಡೆ ಭಾರ, ಒಂದು ಕಡೆ ಇಲ್ಲ, ಮಿಷನ್ ತುಳಿದು ತುಳಿದು ಒಂದು ಹೆಗಲು ಎಳೆಯುತ್ತಿತ್ತು. ಬಚ್ಚಲಲ್ಲಿ ಕಣ್ಣು ಮುಚ್ಚಿಕೊಂಡು ನೀರು ಹುಯ್ದುಕೊಳ್ಳುತ್ತಿದ್ದೆ. ಇಷ್ಟೇ. ಇಷ್ಟು ಸಾಲದೇ?

ಸಂಘದಲ್ಲಿ ಸಾಲ ಕೇಳಿದಾಗ ಚರ್ಚೆ ಆಯಿತು. ನಮ್ಮ ಸಾಲದ ಪುಸ್ತಕದಲ್ಲಿ "ಉದ್ದೇಶ" ಎಂಬ ಕಲಂ ಇದೆಯಲ್ಲ, ಅದರಲ್ಲಿ ಏನು ಬರೆಯುವುದು? ಒಬ್ಬರು ಅಲಂಕಾರ ಎಂದರು. ಎಮ್ಮೆಗೆ ಸಾಲ ಕೊಡಬಹುದು, ಬೋರಿಗೆ ಕೊಡಬಹುದು, ಇದಕ್ಕೆ ಹೇಗೆ ಎಂದರು. ಹೋರಾಟದಲ್ಲಿ ನನ್ನ ಜೊತೆಗೇ ನಿಂತಿದ್ದ ಹಿರಿಯರೊಬ್ಬರು ಕೇಳಿದರು, "ಅವನು ಹೇಳಿದ್ದನ್ನೇ ನೀನೂ ಮಾಡಿಸಿಕೊಂಡರೆ ಅವನು ಗೆದ್ದಂತಲ್ಲವೇನೆ?"

ಅವರ ಪ್ರಶ್ನೆ ಸುಳ್ಳಲ್ಲ. ಹೆಣ್ಣಿನ ಮೈ ಹೀಗೇ ಇರಬೇಕು ಎಂದು ಲೋಕ ನಮ್ಮ ತಲೆಯಲ್ಲಿ ತುಂಬಿರುತ್ತದೆ. ಅಮೆರಿಕದಲ್ಲಿ ಆಡ್ರೆ ಲಾರ್ಡ್ ಎಂಬ ಕಪ್ಪು ಕವಯಿತ್ರಿ ಇದ್ದರು. 1978ರಲ್ಲಿ ಅವರ ಒಂದು ಮೊಲೆ ತೆಗೆದರು. ಅವರು ಹುಸಿ ಮೊಲೆ ಇಟ್ಟುಕೊಳ್ಳಲು ಒಪ್ಪಲಿಲ್ಲ. ಹಾಗೇ ಡಾಕ್ಟರ ಹತ್ತಿರ ಹೋದಾಗ, ನೀವು ಹೀಗೆ ಬಂದರೆ ಬೇರೆ ರೋಗಿಗಳ ಧೈರ್ಯ ಕುಂದುತ್ತದೆ ಎಂದು ಅಲ್ಲಿಯ ನರ್ಸು ಹೇಳಿದರಂತೆ. ಅದರ ಬಗ್ಗೆ ಅವರು 1980ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ಪಕ್ಕದ ಊರಿನಲ್ಲೂ ಒಬ್ಬ ಅಕ್ಕ ಇದ್ದಾರೆ. ಮೊಲೆ ತೆಗೆದು ಒಂಬತ್ತು ವರ್ಷ. ಏನೂ ಇಟ್ಟುಕೊಂಡಿಲ್ಲ, ಏನೂ ಕಟ್ಟಿಸಿಕೊಂಡಿಲ್ಲ. ರಾಗಿ ಕೊಯ್ಯುತ್ತಾರೆ, ಜಾತ್ರೆಗೆ ಬರುತ್ತಾರೆ, ಸೆರಗು ಸರಿದರೆ ಸರಿದುಕೊಂಡಿರಲಿ ಎನ್ನುತ್ತಾರೆ. ಅವರಿಗೆ ನನ್ನ ನಮಸ್ಕಾರ.

ಆದರೆ ನಾನು ಹಿರಿಯರಿಗೆ ಹೇಳಿದ್ದು ಇದು: "ಅವನು ಹೇಳಿದಾಗ ನಾನು ಮಾಡಿಸಿಕೊಳ್ಳಲಿಲ್ಲ. ಈಗ ಅವನು ಕೇಳುತ್ತಿಲ್ಲ, ನಾನು ಕೇಳುತ್ತಿದ್ದೇನೆ. ಮಾಡಿಸಿಕೋ ಎಂದು ಗಂಡನ ಮನೆ ಆಜ್ಞೆ ಮಾಡಬಾರದು, ಬೇಡ ಎಂದು ಸಂಘವೂ ಆಜ್ಞೆ ಮಾಡಬಾರದು." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಪುಸ್ತಕ ತೆಗೆದುಕೊಂಡು ಉದ್ದೇಶದ ಕಲಮಿನಲ್ಲಿ "ಚಿಕಿತ್ಸೆ" ಎಂದು ಬರೆಸಿದರು.

ಆ ಒಂದು ಪದಕ್ಕೆ ಎಷ್ಟು ಬೆಲೆ ಇದೆ ಎಂದು ಆಮೇಲೆ ತಿಳಿಯಿತು. ನಿಮ್ಮಲ್ಲಿ ಯಾರಾದರೂ ಆರೋಗ್ಯ ವಿಮೆ ಮಾಡಿಸಿದ್ದರೆ ಕೇಳಿಸಿಕೊಳ್ಳಿ. ಅಂದ ಹೆಚ್ಚಿಸುವ ಆಪರೇಷನ್ನಿಗೆ ವಿಮೆ ಕಂಪನಿ ದುಡ್ಡು ಕೊಡುವುದಿಲ್ಲ. ಆದರೆ 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಮಾತಿನ ನಿಯಮ ಕೊಟ್ಟಿದೆ. ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ನಂತರ ಅಂಗವನ್ನು ಮತ್ತೆ ಕಟ್ಟುವುದು ಆ ನಿಷೇಧಕ್ಕೆ ಸೇರುವುದಿಲ್ಲ. ಚಿಕಿತ್ಸೆ ಮಾಡುವ ಡಾಕ್ಟರು ಇದು ಕ್ಯಾನ್ಸರಿನ ನಂತರದ ಪುನರ್ರಚನೆ ಎಂದು ಬರೆದುಕೊಡಬೇಕು. ಅಮೆರಿಕದಲ್ಲಿ 1998ರಿಂದಲೇ ಕಾನೂನು ಇದೆ, ಮೊಲೆ ತೆಗೆಯುವುದಕ್ಕೆ ಖರ್ಚು ಕೊಡುವ ವಿಮೆ ಅದನ್ನು ಕಟ್ಟುವುದಕ್ಕೂ ಕೊಡಬೇಕು ಎಂದು. ಅಂಥ ಕಾನೂನು ನಮಗೂ ಬೇಕು ಎಂದು ನಾವು ಕೇಳಬೇಕು.

ತೀರ್ಮಾನಕ್ಕೆ ಮೊದಲು ತಿಳಿಯಬೇಕಾದದ್ದು

ಡಾಕ್ಟರು ಹೇಳಿದ್ದನ್ನು ನಾನು ನೋಟುಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದೇನೆ. ಅದನ್ನೇ ಹೇಳುತ್ತೇನೆ.

ಎಲ್ಲರಿಗೂ ಪೂರ್ತಿ ಮೊಲೆ ತೆಗೆಯಲೇಬೇಕು ಎಂದಿಲ್ಲ. ಗಂಟು ಚಿಕ್ಕದಿದ್ದಾಗ ಬಂದರೆ ಗಂಟನ್ನೂ ಸುತ್ತಲಿನ ಸ್ವಲ್ಪ ಭಾಗವನ್ನೂ ತೆಗೆದು ರೇಡಿಯೇಷನ್ ಕೊಟ್ಟರೆ ಸಾಕಾಗಬಹುದು. ಅಮೆರಿಕದಲ್ಲಿ, ಇಟಲಿಯಲ್ಲಿ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದರು. ಎರಡೂ ರೀತಿಯಲ್ಲಿ ಬದುಕುಳಿಯುವ ಪ್ರಮಾಣ ಒಂದೇ. ಆದ್ದರಿಂದ ಮೊದಲ ಪ್ರಶ್ನೆ, "ನನ್ನದನ್ನು ಉಳಿಸಬಹುದೇ ಡಾಕ್ಟರೇ?" ಗಂಟು ಕಂಡ ಕೂಡಲೇ ಹೋದರೆ ಮಾತ್ರ ಈ ಪ್ರಶ್ನೆಗೆ ಹೌದು ಎಂಬ ಉತ್ತರ ಸಿಗುವ ಅವಕಾಶ ಹೆಚ್ಚು.

ಪೂರ್ತಿ ತೆಗೆಯಲೇಬೇಕಾದರೆ, ಕಟ್ಟುವುದನ್ನು ಅದೇ ಆಪರೇಷನ್ನಿನಲ್ಲಿ ಮಾಡಬಹುದು, ತಿಂಗಳು, ವರ್ಷ ಬಿಟ್ಟೂ ಮಾಡಬಹುದು. ಅವಸರವಿಲ್ಲ. ನಾನು ನಾಲ್ಕು ವರ್ಷದ ಮೇಲೆ ಮಾಡಿಸಿಕೊಂಡೆ. ಕಟ್ಟಿಸಿಕೊಂಡರೆ ಕ್ಯಾನ್ಸರು ಮತ್ತೆ ಬರುತ್ತದೆ ಎಂಬುದು ಸುಳ್ಳು. ಕಟ್ಟಿಸಿಕೊಂಡರೆ ಬರುವುದಿಲ್ಲ ಎಂಬುದೂ ಸುಳ್ಳು. ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ತಪಾಸಣೆಗೆ ಮಾತ್ರ ಹೋಗುತ್ತಲೇ ಇರಬೇಕು.

ಕಟ್ಟುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಸಿಲಿಕಾನ್ ಚೀಲ ಒಳಗೆ ಇಡುವುದು. ಆಪರೇಷನ್ ಚಿಕ್ಕದು, ಬೇಗ ಏಳಬಹುದು. ಆದರೆ ಅದು ಜೀವಮಾನದ ವಸ್ತುವಲ್ಲ. ಮುಂದೆ ಒಡೆಯಬಹುದು, ಗಟ್ಟಿಯಾಗಬಹುದು, ಬದಲಿಸಬೇಕಾಗಬಹುದು. ಅಂದರೆ ಖರ್ಚು ಒಂದೇ ಸಲಕ್ಕೆ ಮುಗಿಯುವುದಿಲ್ಲ. ರೇಡಿಯೇಷನ್ ಆದ ಜಾಗದಲ್ಲಿ ಇದರ ತೊಂದರೆ ಹೆಚ್ಚು. ಹೊರಮೈ ಒರಟಾಗಿರುವ ಕೆಲವು ಚೀಲಗಳ ಸುತ್ತ ಅಪರೂಪದ ಇನ್ನೊಂದು ಕ್ಯಾನ್ಸರ್ ಕಂಡು 2019ರಲ್ಲಿ ಪ್ರಪಂಚದಾದ್ಯಂತ ಅಂಥ ಮಾಲನ್ನು ವಾಪಸು ತೆಗೆದುಕೊಂಡರು. ಆದ್ದರಿಂದ ಯಾವ ಬಗೆಯದು ಎಂದು ಕೇಳಿ, ಅದರ ಕಾರ್ಡನ್ನು ಇಸಿದುಕೊಂಡು ಇಟ್ಟುಕೊಳ್ಳಿ.

ಎರಡನೆಯದು, ನಮ್ಮ ಮೈಯದೇ ಮಾಂಸ ತಂದು ಕಟ್ಟುವುದು. ಹೊಟ್ಟೆಯ ಕೆಳಭಾಗದ ಚರ್ಮ, ಕೊಬ್ಬು ತೆಗೆಯುತ್ತಾರೆ, ಇಲ್ಲವೇ ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತರುತ್ತಾರೆ. ಆಪರೇಷನ್ ದೊಡ್ಡದು, ಗಂಟೆಗಟ್ಟಲೆ ಹಿಡಿಯುತ್ತದೆ. ಎರಡು ಕಡೆ ಗಾಯ, ಎರಡು ಕಡೆ ಹೊಲಿಗೆ. ರಕ್ತ ಸರಿಯಾಗಿ ಹರಿಯದಿದ್ದರೆ ತಂದ ಮಾಂಸ ಕೆಡುವ ಅಪಾಯ ಇದೆ. ಹೊಟ್ಟೆಯದಾದರೆ ಮುಂದೆ ಅಲ್ಲಿ ಬಲ ಕಡಿಮೆಯಾಗಬಹುದು, ಬೆನ್ನಿನದಾದರೆ ತೋಳಿನ ಬಲ ಸ್ವಲ್ಪ ತಗ್ಗಬಹುದು. ಕೂಲಿ ಮಾಡುವವರು, ನೀರು ಹೊರುವವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. "ನಾನು ಏನು ಕೆಲಸ ಮಾಡುತ್ತೇನೆ ಕೇಳಿ, ಆಮೇಲೆ ಎಲ್ಲಿಂದ ತೆಗೆಯುತ್ತೀರಿ ಹೇಳಿ" ಎನ್ನಬೇಕು. ಆರರಿಂದ ಎಂಟು ವಾರ ಭಾರ ಎತ್ತುವಂತಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಹೊಗೆಸೊಪ್ಪು ಬಿಡಬೇಕು, ಇಲ್ಲದಿದ್ದರೆ ಗಾಯ ಮಾಯುವುದಿಲ್ಲ.

ಇನ್ನೊಂದು ಸತ್ಯ. ಕಟ್ಟಿದ ಮೊಲೆ ಹಳೆಯ ಮೊಲೆ ಅಲ್ಲ. ಮೊದಲಿನ ಸ್ಪರ್ಶ ಪೂರ್ತಿ ಮರಳುವುದಿಲ್ಲ. ಗುರುತು ಉಳಿಯುತ್ತದೆ. ತೊಟ್ಟು ಬೇಕಾದರೆ ಇನ್ನೊಂದು ಸಣ್ಣ ಆಪರೇಷನ್ನು, ಇಲ್ಲವೇ ಹಚ್ಚೆ. ಒಂದೇ ಸಲಕ್ಕೆ ಎಲ್ಲ ಮುಗಿಯುತ್ತದೆ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ದುಡ್ಡಿನ ಮಾತು

ಈಗ ನಿಮಗೆಲ್ಲ ಬೇಕಾದ ಲೆಕ್ಕ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ ನನಗೆ ಬರೆದುಕೊಟ್ಟ ಚೀಟಿ 3,40,000 ರೂಪಾಯಿ. ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ಅಷ್ಟು ಸಾಲ ತಂದರೆ ತಿಂಗಳಿಗೆ ಬಡ್ಡಿಯೇ 6,800. ನನ್ನ ಹೊಲಿಗೆಯ ಸಂಪಾದನೆಯಲ್ಲಿ ಮುಕ್ಕಾಲು ಪಾಲು. ಅಸಲು ಯಾವತ್ತೂ ತೀರುತ್ತಿರಲಿಲ್ಲ. ಆ ಚೀಟಿಯನ್ನು ಮಡಿಸಿ ಇಟ್ಟು ಬೇರೆ ಕಡೆ ವಿಚಾರಿಸಿದೆ.

ಪ್ಲಾಸ್ಟಿಕ್ ಸರ್ಜರಿ ವಿಭಾಗ ಇರುವ ದೊಡ್ಡ ಸರ್ಕಾರಿ ಆಸ್ಪತ್ರೆಗಳು, ಮೆಡಿಕಲ್ ಕಾಲೇಜುಗಳು, ಟ್ರಸ್ಟಿನ ಆಸ್ಪತ್ರೆಗಳು, ಇವುಗಳಲ್ಲಿ ಖರ್ಚು ಕಡಿಮೆ. ಆದರೆ ಕಾಯಬೇಕು. ನಾನು ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಏಳು ತಿಂಗಳು ಸರದಿ ಕಾದೆ. 2023ರಲ್ಲಿ ಆಪರೇಷನ್ ಆಯಿತು. ಹೊಟ್ಟೆಯಿಂದ ತೆಗೆದು ಕಟ್ಟಿದರು.

ಖರ್ಚು ಹೀಗೆ: ಆಸ್ಪತ್ರೆಗೆ, ಜನರಲ್ ವಾರ್ಡಿನಲ್ಲಿ, 96,000. ಮೊದಲಿನ ಸ್ಕ್ಯಾನು, ರಕ್ತಪರೀಕ್ಷೆಗೆ 9,000. ಜೊತೆಗಿದ್ದವರ ಊಟ, ಉಳಿಯುವುದು, ಬಸ್ಸಿಗೆ 11,000. ಎರಡು ತಿಂಗಳು ಮಿಷನ್ ನಿಂತಾಗ ಮನೆ ನಡೆಸಲು 14,000. ಒಟ್ಟು 1,30,000. ಕೊನೆಯ ಎರಡು ಬಾಬ್ತನ್ನು ಯಾವ ಆಸ್ಪತ್ರೆಯೂ ಚೀಟಿಯಲ್ಲಿ ಬರೆಯುವುದಿಲ್ಲ. ನಾವೇ ಬರೆದುಕೊಳ್ಳಬೇಕು.

ಬಂದ ದುಡ್ಡು ಹೀಗೆ: ನನ್ನ ಸ್ತ್ರೀಧನದ 60 ಗ್ರಾಮಿನಲ್ಲಿ 16 ಗ್ರಾಂ ಮಾರಿದೆ. ಆಗ ಗ್ರಾಮಿಗೆ 5,500 ಸಿಕ್ಕಿತು, 88,000 ಆಯಿತು. ಸಂಘದ ಒಳಸಾಲ 30,000, ನೂರಕ್ಕೆ ಒಂದು ರೂಪಾಯಿ ಬಡ್ಡಿ. ನನ್ನ ಉಳಿತಾಯ 12,000. ಅಲ್ಲಿಗೆ 1,30,000. ಸಾಲ ತೀರಿದೆ. ಉಳಿದ 44 ಗ್ರಾಂ ನನ್ನ ಹೆಸರಿನ ಲಾಕರಿನಲ್ಲಿದೆ. ಅದು ಮಗಳ ಓದಿಗೆ. ಮದುವೆಗೆ ಅಲ್ಲ ಎಂದು ಅವಳಿಗೇ ಹೇಳಿದ್ದೇನೆ.

ಮಾಂಗಲ್ಯ ಮಾರಿದೆಯಾ ಎಂದು ಎಷ್ಟೋ ಜನ ಕೇಳಿದರು. ಮಾರಿದ್ದು ಎರಡೆಳೆ ಸರ. ಅಪ್ಪ ಗಂಡನ ಮನೆಯವರ ಬಾಯಿ ಮುಚ್ಚಿಸಲು ಹಾಕಿದ್ದ ಸರ. ಮೊದಲ ಸಲ ಅದು ನನ್ನ ಉಪಯೋಗಕ್ಕೆ ಬಂತು.

ನಿಮಗೆ ಬಿಪಿಎಲ್ ಕಾರ್ಡು ಇದ್ದರೆ ಇನ್ನೊಂದು ಮಾತು. ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಪ್ರತಿ ಆಪರೇಷನ್ನಿಗೂ ಒಂದು ಪ್ಯಾಕೇಜು, ಒಂದು ದರ. ಮೊಲೆ ತೆಗೆಯುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ: "ಕಟ್ಟುವುದಕ್ಕೂ ಇದರಲ್ಲಿ ಪ್ಯಾಕೇಜು ಇದೆಯೇ? ಇದ್ದರೆ ಯಾವ ಆಸ್ಪತ್ರೆಯಲ್ಲಿ? ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ?" ಉತ್ತರವನ್ನು ಬರೆಸಿಕೊಳ್ಳಿ. ಕಡಿಮೆ ಬಿದ್ದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಇವೆಲ್ಲ ನೋಡಿದ ಮೇಲೆ ಸಾಲ. ವಾರದ ಕಂತಿನ ಕಂಪನಿ ಸಾಲವನ್ನು ಮಾತ್ರ ಇದಕ್ಕೆ ತೆಗೆಯಬೇಡಿ. ಆಪರೇಷನ್ನಿನ ಮರುವಾರ ಹಾಸಿಗೆಯಲ್ಲಿದ್ದಾಗ ಕಂತಿನವನು ಬಾಗಿಲಿಗೆ ಬರುತ್ತಾನೆ.

ಕಟ್ಟಿಸಿಕೊಳ್ಳದವರಿಗೂ, ಸರದಿ ಕಾಯುವವರಿಗೂ ದಾರಿ ಇದೆ. ಒಳಗೆ ಇಟ್ಟುಕೊಳ್ಳುವ ಸಿಲಿಕಾನ್ ಮೊಲೆ ಕೆಲವು ಸಾವಿರಕ್ಕೆ ಸಿಗುತ್ತದೆ. ಹತ್ತಿ ನೂಲಿನಲ್ಲಿ ಹೆಣೆದದ್ದನ್ನು ನಮ್ಮ ದೇಶದಲ್ಲೂ ಸ್ವಯಂಸೇವಕಿಯರು ಉಚಿತವಾಗಿ ಕೊಡುತ್ತಾರೆ. ನಾನು ನಾಲ್ಕು ವರ್ಷ ಬಳಸಿದ್ದು ನನ್ನ ಕೈಯಲ್ಲೇ ಹೊಲಿದದ್ದು. ಮೆತ್ತನೆ ಹತ್ತಿ ಬಟ್ಟೆಯ ಚೀಲ, ಒಳಗೆ ಹತ್ತಿ, ತೂಕಕ್ಕೆ ಮಧ್ಯದಲ್ಲಿ ಒಂದು ಸಣ್ಣ ಗಂಟು ಸಾಸಿವೆ. ಬಾಡಿಯ ಒಳಗೆ ಜೇಬು ಹೊಲಿದು ಅದರಲ್ಲಿ ಇಟ್ಟರೆ ಜಾರುವುದಿಲ್ಲ. ಗಾಯ ಪೂರ್ತಿ ಮಾಯ್ದು ಡಾಕ್ಟರು ಸರಿ ಎಂದ ಮೇಲೆ ಮಾತ್ರ ತೂಕದ್ದನ್ನು ಇಟ್ಟುಕೊಳ್ಳಬೇಕು. ಈವರೆಗೆ ಹನ್ನೊಂದು ಹೆಂಗಸರಿಗೆ ಹೊಲಿದುಕೊಟ್ಟಿದ್ದೇನೆ. ಕೂಲಿ ತೆಗೆದುಕೊಂಡಿಲ್ಲ, ಬಟ್ಟೆ ಅವರದು.

ಸಂಘ ಮಾಡಬೇಕಾದದ್ದು

ಕೊನೆಯದಾಗಿ, ಇವತ್ತು ಮನೆಗೆ ಹೋಗುವ ಮೊದಲು ನಾವು ಠರಾವು ಮಾಡಿಕೊಳ್ಳಬೇಕಾದ ಕೆಲವು ಮಾತು.

ಪ್ರತಿ ಸಂಘವೂ ಸದಸ್ಯೆಯರ ಸ್ತ್ರೀಧನದ ಪಟ್ಟಿ ಮಾಡಿಸಲಿ. ಯಾವ ಒಡವೆ, ಎಷ್ಟು ಗ್ರಾಂ, ಯಾರು ಕೊಟ್ಟದ್ದು, ಮದುವೆ ಫೋಟೋದಲ್ಲಿ ಎಲ್ಲಿದೆ, ಈಗ ಯಾರ ಹತ್ತಿರ ಇದೆ. ನನ್ನ 60 ಗ್ರಾಂ ವಾಪಸು ಬಂದದ್ದು ಮದುವೆಯ ಆಲ್ಬಮ್ಮಿನಿಂದ ಮತ್ತು ಅಪ್ಪ ಇಟ್ಟಿದ್ದ ಅಂಗಡಿಯ ರಸೀತಿಯಿಂದ.

ಸಾಲದ ಪುಸ್ತಕದಲ್ಲಿ ಹೆಂಗಸಿನ ಚಿಕಿತ್ಸೆ ಎಂದರೆ ಚಿಕಿತ್ಸೆ. ಗರ್ಭಕೋಶ, ಮೊಲೆ, ಹಲ್ಲು, ಕಣ್ಣು, ಯಾವುದಕ್ಕೂ "ಇದು ಬೇಕೇ" ಎಂದು ಅವಳನ್ನು ನಿಲ್ಲಿಸಿ ಪಂಚಾಯಿತಿ ಮಾಡಬಾರದು. ತೀರಿಸುವ ಶಕ್ತಿ ಇದೆಯೇ ಎಂದು ಕೇಳಬೇಕು, ಅದು ಸಂಘದ ಹಕ್ಕು. ಯಾಕೆ ಬೇಕು ಎಂಬುದು ಅವಳ ಹಕ್ಕು.

ಯಾರಾದರೂ ಸದಸ್ಯೆಗೆ ಕಾಯಿಲೆ ಬಂದಾಗ ಇಬ್ಬರು ಹೋಗಿ ಆ ಮನೆಯಲ್ಲಿ ಕೂತು ಬನ್ನಿ. ಕಾಯಿಲೆ ನೋಡುವುದಕ್ಕಷ್ಟೇ ಅಲ್ಲ, ಆ ಮನೆಯ ಮಾತು ಹೇಗಿದೆ ಎಂದು ಕೇಳಿಸಿಕೊಳ್ಳುವುದಕ್ಕೆ. "ತವರಿಗೆ ಹೋಗಿ ದುಡ್ಡು ತಾ" ಎಂಬ ಮಾತು ಕಿವಿಗೆ ಬಿದ್ದರೆ ಮರುದಿನವೇ ಸಿಡಿಪಿಓ ಕಚೇರಿಗೆ ಹೋಗಿ. ರಾತ್ರಿಯಾದರೆ 181ಕ್ಕೆ ಫೋನು ಮಾಡಿ.

ತಿಂಗಳಿಗೊಮ್ಮೆ ಸಭೆಯಲ್ಲಿ ಹತ್ತು ನಿಮಿಷ ಈ ಕಾಯಿಲೆಯ ಮಾತಿಗೆ ಇಡಿ. ನೋವಿಲ್ಲದ ಗಂಟು, ಚರ್ಮ ಗುಳಿ ಬೀಳುವುದು, ತೊಟ್ಟು ಒಳಗೆ ಹೋಗುವುದು, ರಕ್ತ ಒಸರುವುದು, ಇದರಲ್ಲಿ ಯಾವುದು ಕಂಡರೂ ಆ ವಾರವೇ ಆಸ್ಪತ್ರೆಗೆ. ಇದು ಅಂಟುವ ಕಾಯಿಲೆ ಅಲ್ಲ, ಪಾಪದ ಫಲ ಅಲ್ಲ. ಯಾರ ತಟ್ಟೆಯನ್ನೂ ಬೇರೆ ಇಡಬೇಡಿ.

ಕಟ್ಟಿಸಿಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಅದಕ್ಕೆ ಮೂರು ಬೇಕು: ತಿಳಿವಳಿಕೆ, ಕೈಯಲ್ಲಿ ನಮ್ಮದೇ ದುಡ್ಡು, ಬೇಡ ಎಂದರೂ ಬೇಕು ಎಂದರೂ ಮನೆಯಲ್ಲಿ ಉಳಿಯುವ ಧೈರ್ಯ. ಈ ಮೂರನ್ನೂ ಒಬ್ಬಳೇ ಕೂಡಿಸಿಕೊಳ್ಳಲಾರಳು. ಅದಕ್ಕೇ ಸಂಘ ಇರುವುದು.

ಸ್ತ್ರೀಧನದ ಪಟ್ಟಿಗೆ ನಮೂನೆ ಹಾಳೆ ತಂದಿದ್ದೇನೆ. ಬಾಗಿಲ ಹತ್ತಿರ ಮೇಜಿನ ಮೇಲೆ ಇದೆ, ಸಂಘಕ್ಕೆ ಒಂದರಂತೆ ತೆಗೆದುಕೊಂಡು ಹೋಗಿ. ಬರೆಯಲು ಬಾರದವರಿದ್ದರೆ ಇವತ್ತೇ ಕೂರಿ, ನಾನೂ ನನ್ನ ಮಗಳೂ ಬರೆದುಕೊಡುತ್ತೇವೆ.